ಮೇಲಿಂದ ಬಿಟ್ಟ ಬನ್ನಿ

ಡೋಣಿ ಹೊಳೆಯ ಆಚೆಗಿನ ಒಂದು ಸಣ್ಣ ಊರು. ಊರವರು ಮುಟ್ಟಿಸಿಕೊಳ್ಳದ ಅದರ ಕೇರಿಯಲ್ಲಿ ಕರಿಯವ್ವನ ಬಾಯಿಗೆ ಹೆದರದವನು ಒಬ್ಬನೇ, ಅವಳ ಗಂಡ ಯಂಕಪ್ಪ. ಅವನೂ ಹೆದರುತ್ತಿದ್ದ ಅನ್ನುವವರಿದ್ದಾರೆ, ಬಿಡಿ.

ಸ್ವಾತಂತ್ರ್ಯ ಬಂದ ಮರುವರ್ಷ, ಗುಡಿ ಇನ್ನು ಎಲ್ಲರದೂ ಅಂತ ಕಾಯಿದೆ ಆಗಿದೆಯಲ್ಲ ಎಂದು ದಸರೆಯ ದಿನ ಕೇರಿಯ ಭಜನೆ ಮೇಳ ಹಣಮಪ್ಪನ ಗುಡಿಯ ಮೆಟ್ಟಿಲು ಹತ್ತಿತು. ಊರವರು ಬಡಿಗೆ ಹಿಡಿದು ಬಂದರು. ಯಂಕಪ್ಪನ ತಲೆಗೆ ಬಿದ್ದ ಏಟು ಪುಂಡಲೀಕಪ್ಪಗೌಡನದು. ಮೂರನೇ ದಿನ ಯಂಕಪ್ಪ ತೀರಿಕೊಂಡ. ಕೋರ್ಟಿನಲ್ಲಿ ಸಾಕ್ಷಿಗಳಿಗೆಲ್ಲ ಒಮ್ಮೆಲೇ ಕಣ್ಣು ಮಂಜಾದವು.

ಅಂದಿನಿಂದ ಪ್ರತಿ ದಸರೆಗೆ ಭಜನೆ ಮುಗಿದ ಮೇಲೆ ಯಂಕಪ್ಪನ ಬಗ್ಗೆ ಒಬ್ಬೊಬ್ಬರು ಒಂದೊಂದು ಮಾತು ಹೇಳಲೇಬೇಕು. ಕರಿಯವ್ವನ ಕಟ್ಟಪ್ಪಣೆ. ಮೇಳದ ಹಿರಿಯ ಮೂಕಪ್ಪ, ಹೆಸರಿಗಷ್ಟೇ ಮೂಕ, ಒಮ್ಮೆ "ಯಂಕಪ್ಪ ದೇವರಂಥಾವ" ಎಂದು ಶುರು ಮಾಡಿದ.

"ಯಾವ ದೇವರಲೇ? ತಾಳಾ ತಪ್ಪಸ್ತಿದ್ದ. ಹೋಳಿಗಿ ಕದ್ದು ತಿಂತಿದ್ದ. ನನ್ನ ಗಂಡನ್ನ ಇದ್ದಂಗ ಇರಗೊಡ್ರಿ," ಎಂದಳು. ಎಲ್ಲರೂ ನಕ್ಕರು. ಆಕೆಯೂ ನಗುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡಳು.

ಕರ್ನಾಟಕ ಒಂದಾಗಲು ಎರಡೂವರೆ ವಾರವಿತ್ತು. "ನಾಡು ಒಂದಾದ್ರ ನಮ್ಮೂರ ಭಾವಿ ಒಂದಾಕ್ಕೈತೇನಲೇ?" ಎಂದು ಆಕೆ ಮೂಕಪ್ಪನನ್ನು ಕಾಡುತ್ತಿದ್ದ ಆ ದಸರೆಯಂದೇ ಪುಂಡಲೀಕಪ್ಪಗೌಡ ಬನ್ನಿ ಎಲೆ ಹಿಡಿದು ಒಬ್ಬನೇ ಕೇರಿಗೆ ಬಂದ. ಬನ್ನಿ ಕೊಟ್ಟು ತಗೊಂಡರೆ ಹಳೆಯ ಜಗಳ ಮುಗಿದಂತೆ. ಕೊಡಲು ಬಂದವರಿಗೆ ಒಲ್ಲೆ ಅನ್ನುವ ರೂಢಿಯಿಲ್ಲ. ತಗೊಂಡರೆ ಯಂಕಪ್ಪನ ಸಾವನ್ನು ನಾಲ್ಕು ಎಲೆಗೆ ಮಾರಿದಂತೆ ಕರಿಯವ್ವನಿಗೆ ಅನ್ನಿಸಿತು. ಎಂಟು ವರ್ಷ ಕೂಡಿಟ್ಟ ಬೈಗುಳ ಎಲ್ಲಿ ಹೋದವೋ ಏನೋ. ಕಡೆಗೆ ಕೈ ಚಾಚಿದಳು.

"ಆಗಿದ್ದು ಆಗಿ ಹೋತು ಕರಿಯವ್ವ, ಮರತು ಬಿಡು. ಬನ್ನಿ ತಗೊಂಡು ಬಂಗಾರದಂಗ ಇರೂಣು," ಎಂದ ಗೌಡ, ಅಂಗೈಗೆ ಗೇಣುದ್ದ ಮೇಲಿಂದ ಎಲೆ ಬಿಟ್ಟ. ಪಾಪ, ಬೇಕಂತ ಬಿಟ್ಟದ್ದಲ್ಲ. ಕೇರಿಯವರಿಗೆ ಏನು ಕೊಟ್ಟರೂ ಹಾಗೆ ಕೊಟ್ಟೇ ಗೊತ್ತಿದ್ದ ಕೈ ಅದು.

ಕರಿಯವ್ವ ಕೈ ಹಿಂದಕ್ಕೆಳೆದುಕೊಂಡಳು. ಎಲೆಗಳು ನೆಲಕ್ಕೆ ಬಿದ್ದವು.

"ಮುಟ್ಟಿ ಕೊಡ್ರಿ ಗೌಡ್ರ. ಅವತ್ತು ಬಡಿಗಿ ಮುಟ್ಟಿಸಿದಾಗ ಮೈಲಿಗಿ ಆಗಲಿಲ್ಲಲ್ಲ? ಮತ್ತ ಮರತು ಬಿಡು ಅನ್ನಬ್ಯಾಡ್ರಿ. ಮರತ್ರ ನಾ ಕ್ಷಮಾ ಮಾಡೂದು ಏನನ್ನ? ಇಲ್ಲಿ ಎಲ್ಲಾರೂ ಯಂಕಪ್ಪನ ಮಾತು ಒಂದು ಹೇಳತಾರ. ಕುಂಡ್ರಿ, ನೀವೂ ಹೇಳ್ರಿ."

ಗೌಡ ಕೇರಿಯವರ ನಡುವೆ ಚಾಪೆಯ ಮೇಲೆ ಕುಳಿತ. ಒಮ್ಮೆ ಮೀಸೆ ತೀಡಿದ. ಆಮೇಲೆ, "ಹೊಡದಾಂವ ನಾನು. ಅಂವ ನನಗೇನೂ ಮಾಡಿರಲಿಲ್ಲ," ಎಂದ.

ಬಿದ್ದ ಎಲೆಗಳನ್ನು ತಾನೇ ಆರಿಸಿ ಆಕೆಯ ಅಂಗೈಯಲ್ಲಿಟ್ಟು ಒತ್ತಿ ಹಿಡಿದ. ಕರಿಯವ್ವ ಗಳಗಳನೆ ಅತ್ತಳು, ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

"ತಗೊಂಡೀನ್ರಿ," ಎಂದಳು. "ಖರೇನ ಕ್ಷಮಾ ಮಾಡೀನಿ. ಬರೂ ವರ್ಷನೂ ಬಂದು ಇದ ಮಾತು ಹೇಳಿ ಹೋಗ್ರಿ."