ಇಂಜಿನ್ನಿನ ಕೆಂಪು ಕಿಡಿ

ಈಜು ಬಾರದ ನನಗೆ ಒಂದು ಹಾಯಿದೋಣಿ ಇದೆ ಎಂದು ಹೇಳಿಕೊಳ್ಳಲು ಮೊದಲಿನಿಂದಲೂ ನಾಚಿಕೆ. ಅದೂ ಸಮುದ್ರವನ್ನು ಭೂಪಟದಲ್ಲಿ ಮಾತ್ರ ಕಂಡ ಮೈಸೂರಿನವನಾಗಿ, ಒಂಟಿಕೊಪ್ಪಲಿನ ಬಾಡಿಗೆ ಮನೆಯಲ್ಲಿ ಕುಳಿತು. ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಈ ಬೇಸಿಗೆಯಲ್ಲಿ ನನ್ನನ್ನು ನೋಡಿ ನಗದವರು ನಮ್ಮ ಬೀದಿಯಲ್ಲಿ ಯಾರೂ ಉಳಿದಿಲ್ಲ.

ದೋಣಿಯನ್ನು ನಾನು ಬಯಸಿ ಪಡೆದದ್ದಲ್ಲ. ಸ್ವಾತಂತ್ರ್ಯ ಬಂದ ವರ್ಷ ಇಂಗ್ಲಿಷ್ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟ. ನಾನು ಅವನಿಗೆ ಕನ್ನಡ ಹೇಳಿಕೊಡುತ್ತಿದ್ದೆ. ಅವನು ಕಲಿತದ್ದು ಅಷ್ಟಕ್ಕಷ್ಟೆ, ಆದರೆ ಗುರುಭಕ್ತಿ ಮಾತ್ರ ಅಪಾರ. ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಟ್ಟಿಹಾಕಿದ್ದ ದೋಣಿಯನ್ನು ನನಗೆ ಗುರುದಕ್ಷಿಣೆಯಾಗಿ ಕೊಟ್ಟು ಹಡಗು ಹತ್ತಿಬಿಟ್ಟ. ಗಾಳಿ ಬಿದ್ದುಹೋದಾಗ ಮುಂದೆ ಸಾಗಲೆಂದು ಅದಕ್ಕೊಂದು ಪುಟ್ಟ ಪೆಟ್ರೋಲ್ ಇಂಜಿನ್ನೂ ಇತ್ತು. ದೋಣಿಯನ್ನು ದಡದಲ್ಲೇ ಬಿಟ್ಟು, ಕಳ್ಳರ ಭಯಕ್ಕೆ ಹಾಯಿಯನ್ನೂ ಇಂಜಿನ್ನನ್ನೂ ಬಿಚ್ಚಿಸಿ ಮನೆಗೆ ತಂದೆ. ಹಾಯಿಬಟ್ಟೆಯ ಮೇಲೆ ಅವ್ವ ಸಂಡಿಗೆ ಒಣಗಿಸಿದಳು, ಸಂಡಿಗೆಯ ವಾಸನೆಗೆ ಇಲಿಗಳು ಹಾಯಿಯನ್ನು ತಿಂದವು. ಇಂಜಿನ್ನು ಪಡಸಾಲೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ವರ್ಷಗಟ್ಟಲೆ ಮಲಗಿತು. ನಾನು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಈ ಬೇಸಿಗೆ ನೋಡಬೇಕಾಗಿ ಬಂತು. ಅವ್ವನ ತವರೂರು ಕಟ್ಟೆ ಕಟ್ಟಿದಾಗ ಮುಳುಗಿದ ಊರುಗಳಲ್ಲೊಂದು. ದೇವರನ್ನು ಹೊಸ ಊರಿಗೆ ಹೊತ್ತುಕೊಂಡು ಹೋದರು, ಕಲ್ಲಿನ ಗುಡಿಯನ್ನು ಹೊರಲಾಗಲಿಲ್ಲ. ಅವ್ವನಿಗೆ ಧಾರೆ ಎರೆದದ್ದು ಆ ಗುಡಿಯ ಜಗಲಿಯ ಮೇಲೆ. ಹೋದ ವರ್ಷ ಮಳೆ ಕೈಕೊಟ್ಟಿದ್ದರಿಂದ ಈ ಸಲ ಹಿನ್ನೀರು ಬಹಳ ಇಳಿದಿದೆ, ನಡುವೆ ಒಂದು ದಿಬ್ಬ ಎದ್ದಿದೆ, ಅದರ ಮೇಲೆ ಏನೋ ಕರ್‍ರಗೆ ಕಾಣುತ್ತದೆ ಎಂದು ಆ ಕಡೆಯಿಂದ ಬಂದವರು ಹೇಳಿದರು. ಗುಡಿಯೋ, ಬರೀ ಕಲ್ಲುಗುಡ್ಡೆಯೋ, ದಡದಿಂದ ತಿಳಿಯುವಂತಿಲ್ಲ. ಹರಿಗೋಲೆಂದರೆ ಅವ್ವನಿಗೆ ಪ್ರಾಣಭಯ, ಅದು ಗಿರಗಿರನೆ ತಿರುಗುತ್ತದೆ. "ನಿನ್ ದೋಣಿ ಐತಲ್ಲೋ ಮಗ, ಒಂದ್ಸಲ ಕರ್ಕಂಡೋಗು. ಮಳೆ ಬಂದ್ರೆ ಮತ್ತೆ ಮುಳುಗೋಯ್ತದೆ. ಮುಂದಿನ್ ಸಲ ಅದು ಏಳೋವತ್ಗೆ ನಾನಿರ್‍ತೀನಾ?" ಎಂದಳು. ಹಾಯಿ ಇಲಿಗಳ ಪಾಲಾಗಿತ್ತು, ಇನ್ನು ಇಂಜಿನ್ನೇ ಗತಿ. ನಾನು ಗೋಣಿತಾಟು ಎತ್ತಿದೆ.

ಇಂಜಿನ್ನು ಹೊತ್ತಿಕೊಳ್ಳಲಿಲ್ಲ. ಹಿಡಿಕೆ ತಿರುಗಿಸಿ ತಿರುಗಿಸಿ ನನ್ನ ಭುಜ ಹೊತ್ತಿ ಉರಿಯಿತು, ಅಷ್ಟೆ. ಎದುರು ಮನೆಯ ಶಿವಲಿಂಗಯ್ಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವರು ಬಂದು, ಪೆಟ್ರೋಲಿಗೆ ಕಿಡಿ ತಾಗಿಸುವ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿಸಿ, ತಂತಿ ಸಹಿತ ಇಂಜಿನ್ನಿನ ಮೈಗೆ ತಾಗಿಸಿ ಇಡಿಸಿ, ಈಗ ಹಿಡಿಕೆ ತಿರುಗಿಸಿ ಎಂದರು. ಪ್ಲಗ್ಗಿನ ತುದಿಯಲ್ಲಿ ಕಿಡಿಯೊಂದು ಕಂಡೂ ಕಾಣದಂತೆ ಮಿನುಗಿತು. ನಾನು ಕುಣಿದಾಡಿದೆ. "ಕುಣೀಬೇಡಿ ಕಣ್ರೀ. ಕಿಡಿ ಕೆಂಪಗಿದೆ, ಸೋತಿದೆ. ನೀಲಿ ಆಗ್ಬೇಕು, ಚಟ್ ಅಂತ ಸದ್ದು ಬರ್‍ಬೇಕು. ಇದು ಬಯಲಲ್ಲಿ ಹಾರುತ್ತೆ. ಸಿಲಿಂಡರಿನ ಒತ್ತಡದಲ್ಲಿ ಸತ್ತೇ ಹೋಗುತ್ತೆ" ಎಂದರು. ಜಗಲಿಯ ಮೇಲೆ ಕುಳಿತು ಸರ್ಕಾರವನ್ನೇ ಅಲ್ಲಾಡಿಸುವಂತೆ ಮಾತಾಡಿ, ಕಚೇರಿಯಲ್ಲಿ ಸಾಹೇಬರ ಕೋಣೆಗೆ ಕಾಲಿಟ್ಟೊಡನೆ ನಾಲಿಗೆ ಒಣಗುವ ನನಗೆ ಆ ಕಿಡಿಯ ಕಷ್ಟ ಚೆನ್ನಾಗಿಯೇ ಅರ್ಥವಾಯಿತು.

ಅಲ್ಲಿಂದ ಶುರುವಾಯಿತು ನನ್ನ ತಪಸ್ಸು. ಪ್ಲಗ್ಗನ್ನು ಪೆಟ್ರೋಲಿನಲ್ಲಿ ತೊಳೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಕಿಡಿ ಕೆಂಪು. ಹೊಸ ಪ್ಲಗ್ಗು ಹಾಕಿದೆ, ಹೊಸ ತಂತಿ ಎಳೆದೆ. ಕೆಂಪು. ಹಿಡಿಕೆ ತಿರುಗಿದಂತೆ ಒಂದನ್ನೊಂದು ಮುಟ್ಟಿ ಬಿಡುವ, ಕಿಡಿ ಹಾರಿಸುವ ಎರಡು ಪುಟ್ಟ ಲೋಹದ ತುದಿಗಳನ್ನು ಎಮರಿ ಕಾಗದದಿಂದ ತಿಕ್ಕಿ ಬೆಳಗಿಸಿದೆ. ಒಂದು ಗಳಿಗೆ ಹಳದಿಯಾದಂತೆ ಕಂಡು, ನನಗೆ ಆಸೆ ಹುಟ್ಟಿಸಿ, ಮತ್ತೆ ಕೆಂಪಗಾಯಿತು. ಹಿಂದೆ ಋಷಿಗಳು ಅರಣಿ ಕಡೆದು ಅಗ್ನಿಯನ್ನು ಪಡೆಯುತ್ತಿದ್ದರಂತೆ. ಥಂಡಿಯ ದಿನ ಕಟ್ಟಿಗೆ ಹೊತ್ತದೆ ಕೈ ಬೊಬ್ಬೆ ಬಂದಾಗಲೇ ಅವರಿಗೆ ಕಂಡಕಂಡವರನ್ನು ಶಪಿಸುವ ಅಭ್ಯಾಸ ಹತ್ತಿರಬೇಕು ಎಂದು ನನ್ನ ಊಹೆ. ನನಗೂ ಹತ್ತಿತು. ದೊರೆಯನ್ನು, ಅವನಿಗೆ ನಾನು ಕಲಿಸಿದ ಕಾಗುಣಿತವನ್ನು, ಶಿವಲಿಂಗಯ್ಯನವರ ಶಾಂತಸ್ವಭಾವವನ್ನು ಒಂದೊಂದಾಗಿ ಶಪಿಸಿದೆ. ಅಷ್ಟರಲ್ಲಿ ಚಾಮುಂಡಿಬೆಟ್ಟದ ಮೇಲೆ ಮೋಡ ಕೂರತೊಡಗಿತು. ಊರೆಲ್ಲ ಮಳೆಗೆ ಕಾಯುತ್ತಿತ್ತು. ನಾನೊಬ್ಬ ಪಾಪಿ, ಬೇಡ ಬೇಡ ಎನ್ನುತ್ತಿದ್ದೆ.

ಉಳಿದದ್ದು ಮ್ಯಾಗ್ನೆಟೋ, ಅಂದರೆ ಅಯಸ್ಕಾಂತದ ಬಲದಿಂದ ಕಿಡಿಗೆ ವಿದ್ಯುತ್ತು ಹುಟ್ಟಿಸುವ ಡಬ್ಬಿ. ಅದರ ಮುಚ್ಚಳ ತೆಗೆದು ನಾನೂ ಶಿವಲಿಂಗಯ್ಯನವರೂ ಮುಖ ಮುಖ ನೋಡಿಕೊಂಡೆವು. ಒಳಗೆ ಕೆಂಪು ಹಳದಿ ಮೆತ್ತಿಕೊಂಡಿತ್ತು. ಕುಂಕುಮ, ಅರಿಶಿನ, ಗಂಧ. ಪ್ರತಿ ಆಯುಧಪೂಜೆಗೂ ಅವ್ವ ಇಂಜಿನ್ನಿಗೆ ಚೊಂಬಿನಿಂದ ನೀರೆರೆದು ಸ್ನಾನ ಮಾಡಿಸಿ, ಸಿಕ್ಕ ಸಿಕ್ಕ ಸಂದಿಗೆಲ್ಲ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಮುಡಿಸುತ್ತಿದ್ದಳು. ಆ ನೀರೆಲ್ಲ ಒಳಗಿಳಿದು ತಂತಿಯ ಸುರುಳಿಗೆ ಸುತ್ತಿದ್ದ ನೂಲು ಕೊಳೆತುಹೋಗಿತ್ತು. ನಾವೆಲ್ಲ ಮರೆತ ಇಂಜಿನ್ನನ್ನು ಮರೆಯದೆ ಇದ್ದವಳು ಅವಳೊಬ್ಬಳೇ. ಅವಳ ಭಕ್ತಿಯೇ ಅದನ್ನು ಕೊಂದಿತ್ತು. "ಸುರುಳಿ ಸುಟ್ಟಿಲ್ಲ, ಕೊಳೆತಿದೆ. ಇಂಥದ್ದು ಈಗ ಎಲ್ಲೂ ಸಿಗಲ್ಲ, ಕೈಬಿಡಿ" ಎಂದು ಹೇಳಿ ಶಿವಲಿಂಗಯ್ಯ ಮನೆಗೆ ಹೋದರು.

ಇದನ್ನು ಅವ್ವನಿಗೆ ಹೇಳುವ ಎದೆ ನನಗಿರಲಿಲ್ಲ. ಇಂಜಿನ್ನು ಕೆಟ್ಟಿದೆ, ಆಗಲ್ಲ ಕಣವ್ವ ಎಂದಷ್ಟೇ ಹೇಳಿದೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಳು. ಆಮೇಲೆ ಮೆಲ್ಲಗೆ, "ಲೇ ಮಗ, ನಿಜ ಯೋಳ್ಬುಡು. ನೀನೊಬ್ನೇ ಓಗಿ ನೋಡ್ಕಂಡ್ ಬಂದಿದ್ದೀಯ. ಗುಡಿ ಬಿದ್ದೋಗದೆ. ನಂಗೆ ಯೋಳಕ್ಕಾಗ್ದೆ ತಿಂಗ್ಳಿಂದ ಇಂಜಿನ್ನು ಇಂಜಿನ್ನು ಅಂತ ನಾಟ್ಕ ಆಡ್ತಿದ್ದೀಯ" ಎಂದಳು.

ನನ್ನ ಬೆವರು, ಬೊಬ್ಬೆ, ಭುಜದ ನೋವು ಎಲ್ಲವನ್ನೂ ಅವಳು ಒಂದು ಕನಿಕರದ ಸುಳ್ಳು ಎಂದುಕೊಂಡಿದ್ದಳು. ನನ್ನ ಕೈಲಾಗದತನಕ್ಕೆ ಅಷ್ಟು ದೊಡ್ಡ ಗೌರವ ಯಾರೂ ಕೊಟ್ಟಿರಲಿಲ್ಲ. ಆದರೆ ಸುಮ್ಮನಿದ್ದರೆ ಅವಳ ಗುಡಿ ಅವಳ ಮನಸ್ಸಿನಲ್ಲಿ ಆ ಕ್ಷಣವೇ ಕುಸಿದಂತೆ. ಬಾಯಿ ಬಿಟ್ಟರೆ ಇಂಜಿನ್ನನ್ನು ಕೊಂದ ಪಾಪ ಅವಳ ತಲೆಗೆ. ಹೊರಗೆ ಮೊದಲ ಹನಿಗಳು ಹೆಂಚಿನ ಮೇಲೆ ಬೀಳುತ್ತಿದ್ದವು. ಕೊನೆಗೆ ಮ್ಯಾಗ್ನೆಟೋವನ್ನು ತಂದು ಅವಳ ಮುಂದೆ ಇಟ್ಟೆ.

ಅವ್ವ ಬಗ್ಗಿ ನೋಡಿದಳು. ಕುಂಕುಮದ ಮೆತ್ತೆಯನ್ನು ಬೆರಳಿನಿಂದ ಮುಟ್ಟಿದಳು.

"ಇದು ನಾನಿಟ್ಟಿದ್ದಾ?"

"ಹೂಂ ಕಣವ್ವ."

"ಇದ್ರಿಂದ್ಲೇ ಕೆಟ್ಟಿದ್ದಾ? ನನ್ನಾಣೆಗೂ?"

"ನಿನ್ನಾಣೆಗೂ."

ಅವಳ ಮುಖ ಅರಳಿತು. "ಅಂಗಾದ್ರೆ ಗುಡಿ ಬಿದ್ದಿಲ್ಲ!"

ನಾನು ತರ್ಕಶಾಸ್ತ್ರ ಓದಿ ಪಾಸಾದವನು. ಇಂಜಿನ್ನು ನಿಜವಾಗಿ ಕೆಟ್ಟಿದೆ ಎಂದ ಮಾತ್ರಕ್ಕೆ ಗುಡಿ ನಿಂತಿದೆ ಎಂದು ಹೇಳಲು ಬರುವುದಿಲ್ಲ, ನಾನು ಅಲ್ಲಿಗೆ ಹೋಗಿಯೇ ಇಲ್ಲ ಎಂದು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಎದ್ದು ಹಿತ್ತಲಿಗೆ ನಡೆದಿದ್ದಳು. ಮಳೆಯ ಸದ್ದನ್ನೂ ಮೀರಿಸುವ ದನಿಯಲ್ಲಿ, ಪಕ್ಕದ ಮನೆಯಾಕೆಯನ್ನು ಗೋಡೆಯ ಬಳಿಗೆ ಕರೆದು, ದೊರೆಯ ಇಂಜಿನ್ನನ್ನು ಕೆಡಿಸಿದ್ದು ತಾನೇ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.