ತನ್ನ ಹುಕುಮಿನ ಮೇಲೆ ತಾನೇ

ಮೊನ್ನೆ ಅಂಚೆ ಕಚೇರಿಯಲ್ಲಿ ಪಾರ್ಸಲ್ಲಿಗೆ ಮುದ್ರೆ ಒತ್ತಲು ಅರಗು ಕಾಯಿಸುತ್ತಿದ್ದರು. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿರಸಿಯ ಹಳೆಯ ಕಚೇರಿ, ಉದ್ದನೆ ಮೇಜು, ಅದರಾಚೆ ಕೂತ ರಾವಸಾಹೇಬರು… ಎಲ್ಲ ಕಣ್ಣಮುಂದೆ ಬಂತು.

ಅದು ಮೂವತ್ತರ ದಶಕ. ರಾವಸಾಹೇಬರು ಅಲ್ಲಿಯ ಕಂದಾಯ ಅಧಿಕಾರಿ, ನಾನು ಅವರ ಕೈಕೆಳಗಿನ ಕಾರಕೂನ. ಧಾರವಾಡ ಕಡೆಯವರು ಅವರು. ಸಿಟ್ಟು ಮೂಗಿನ ತುದಿಯಲ್ಲಿ, ನಗು ಅಪರೂಪ. ಆಗೆಲ್ಲ ಸಣ್ಣಪುಟ್ಟ ಅಪೀಲಿಗೂ ಜನ ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕಿತ್ತು. ಆ ಒದ್ದಾಟ ತಪ್ಪಲೆಂದು ಜಿಲ್ಲೆಯ ದೊಡ್ಡ ಸಾಹೇಬರು, ಅಂಥ ಅಪೀಲು ತೀರ್ಮಾನಿಸುವ ತಮ್ಮ ಅಧಿಕಾರವನ್ನು ರಾವಸಾಹೇಬರಿಗೆ ಬರೆದುಕೊಟ್ಟರು. ಜೊತೆಗೊಂದು ಹಿತ್ತಾಳೆಯ ಮುದ್ರೆಯೂ ಬಂತು.

ಮೊದಲ ವಾರವೇ ಇಡಗುಂದಿಯ ಗಾಡಿಯವನೊಬ್ಬ ಅಪೀಲು ಹಿಡಿದು ಬಂದ. ಕಟ್ಟಿಗೆ ಸಾಗಿಸುವ ಅವನ ಪಾಸು ಮಳೆಗೆ ನೆಂದು ಅಕ್ಷರ ಅಳಿಸಿತ್ತು. ಖೊಟ್ಟಿ ಪಾಸೆಂದು ತಿಳಿದು ಅವನ ಜೋಡೆತ್ತನ್ನು ಯಲ್ಲಾಪುರದ ದೊಡ್ಡಿಗೆ ಹಾಕಿಸಿದ್ದರು. ಹುಕುಂ ಮಾಡಿದವರು ಯಾರು? ಹಿಂದಿನ ತಿಂಗಳು ಶಿರಸಿಗೆ ವರ್ಗವಾಗಿ ಬರುವ ಮುಂಚೆ ಯಲ್ಲಾಪುರದಲ್ಲಿದ್ದ ಇದೇ ರಾವಸಾಹೇಬರು!

ಪಾಸಿನ ನಕಲು ತರಿಸಿ ನೋಡಿದರು. ಖರೇ ಪಾಸೇ. ಅವರ ಮುಖ ಕಪ್ಪಿಟ್ಟಿತು. ನಾನು ಖುಷಿಯಿಂದ ‘ಅಪೀಲು ಮಂಜೂರು’ ಎಂದು ಬರೆದು ಅರಗು ಕಾಯಿಸಿದೆ. ಅವರು ಕಾಗದವನ್ನು ನನ್ನತ್ತಲೇ ನೂಕಿದರು.

“ನನ್ನ ಹುಕುಮಿನ ಮ್ಯಾಲೆ ನಾನೇ ಅಪೀಲ್ ಕೇಳೋದೇನ್ರೀ? ಇವತ್ತು ನನ್ನ ತಪ್ಪು ನಾನೇ ತಿದ್ದಿಕೊಂಡ್ರ, ನಾಳೆ ನಾನೇ ಮುಚ್ಚಿಕೋತೀನಿ. ಕೇಳಾವ್ರು ಯಾರು? ಕಾರವಾರಕ್ಕ ಕಳಸ್ರಿ.”

ತಪ್ಪು ತಮ್ಮದೇ ಎಂದು ಸ್ವಂತ ಅಕ್ಷರದಲ್ಲಿ ಬರೆದು ಲಗತ್ತಿಸಿದರು. ನನಗೋ ಮೈಯೆಲ್ಲ ಉರಿದುಹೋಯಿತು. ಎಂಥ ಮೊಂಡ ಮನುಷ್ಯ! ಮಳೆಗಾಲ ಬೇರೆ, ಘಟ್ಟದ ದಾರಿ ಕುಸಿದು ಟಪಾಲು ನಿಂತಿತ್ತು. ಅಪೀಲು ಮಂಜೂರಾಗಿ ಉತ್ತರ ಬರುವಷ್ಟರಲ್ಲಿ, ದೊಡ್ಡಿಯಲ್ಲಿ ಕಾಲುಬಾಯಿ ಬೇನೆ ಬಂದು ಒಂದೆತ್ತು ಸತ್ತಿತ್ತು.

ಕಾರವಾರದಿಂದ ಬಂದ ಆ ಹುಕುಮನ್ನು ರಾವಸಾಹೇಬರು ತಾವೇ ಯಲ್ಲಾಪುರಕ್ಕೆ ಒಯ್ದರು. ಜೊತೆಗೆ ನಾನೂ ಇದ್ದೆ. ಗಾಡಿಯವ ಉಳಿದ ಎತ್ತಿನ ಬೆನ್ನು ಸವರುತ್ತ ನಿಂತಿದ್ದ.

“ಆವತ್ತೇ ಸಹಿ ಹಾಕಿದ್ರೆ ಎರಡೂ ಬದುಕ್ತಿದ್ವು, ಅಲ್ವಾ ಸಾಹೇಬ್ರೆ?”

ಏನಾದರೊಂದು ಕಾಯ್ದೆ ಹೇಳುತ್ತಾರೆ ಅಂದುಕೊಂಡೆ.

“ಹೌದಪಾ,” ಎಂದು ಕೈಮುಗಿದರು. ಮುಗಿದ ಕೈ ಎಷ್ಟೋ ಹೊತ್ತು ಇಳಿಸಲಿಲ್ಲ…

ವರ್ಷಗಳು ಕಳೆದು, ಬಡ್ತಿ ಸಿಗುತ್ತ ಸಿಗುತ್ತ, ಆ ಅಧಿಕಾರ ನನಗೂ ಬಂತು. ನನ್ನ ಹುಕುಮಿನ ಮೇಲಿನ ಅಪೀಲೂ ಒಮ್ಮೆ ನನ್ನೆದುರೇ ಬಂತು. ಗುಡಿಸಲು ಕೀಳಿಸಿದ್ದರ ವಿರುದ್ಧ ಬನವಾಸಿ ಕಡೆಯ ಹೆಂಗಸೊಬ್ಬಳು ಕೊಟ್ಟದ್ದು. ನಾನೇ ತಪ್ಪಿದ್ದೇನೆಂದು ಒಳಗೆ ಗೊತ್ತಿತ್ತು. ಮೇಲಕ್ಕೆ ಕಳಿಸಿ ಯಾರು ಮರ್ಯಾದೆ ಕಳೆದುಕೊಳ್ಳುತ್ತಾರೆ ಎಂದು ವಜಾ ಮಾಡಿ, ಅರಗು ಕಾಯಿಸಿ ಮುದ್ರೆ ಒತ್ತಿದೆ. ರಾವಸಾಹೇಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರಿಲ್ಲವಲ್ಲ ಎಂದು ಆವತ್ತು ನನಗೆ ಸಮಾಧಾನವಾಗಿತ್ತು. ಈಗ ಅದಕ್ಕೇ ನಾಚಿಕೆಯಾಗುತ್ತದೆ.

ಅಂಚೆಯವನು ರಶೀದಿ ಕೊಟ್ಟದ್ದೂ ಗೊತ್ತಾಗಲಿಲ್ಲ. ಆ ಹೆಂಗಸು ನನ್ನನ್ನು ಏನೂ ಕೇಳದೆ ಹೋಗಿದ್ದಳು. ಕೇಳಿದ್ದರೆ ‘ಹೌದು’ ಎನ್ನುವ ಬಾಯಿ ನನಗಿರಲಿಲ್ಲ.