ಹೆಸರಿಲ್ಲದ ಬ್ಯಾಗು

ನಮ್ಮತ್ತೆ ಮುನಿಯಲ್ಲಮ್ಮನಿಗೆ ಐವತ್ತೆಂಟು ವರ್ಷ. ಶ್ರೀನಿವಾಸಪುರದ ಕಡೆ ಯಾರದೇ ಮದುವೆಯಾಗಲಿ, ಒಬ್ಬಟ್ಟು ತಟ್ಟುವುದಕ್ಕೆ ಇವರೇ ಆಗಬೇಕು. ಮುಹೂರ್ತ ಗೊತ್ತಾದ ಕೂಡಲೇ ಅಡುಗೆ ಕಂಟ್ರಾಕ್ಟರ್ ಕೋದಂಡರಾಮಪ್ಪ ಮೊದಲು ಫೋನು ಮಾಡುವುದು ಇವರಿಗೆ. ಕೋಲಾರ, ಮಾಲೂರು, ಮುಳಬಾಗಿಲು ಎಂದು ಕಲ್ಯಾಣಮಂಟಪಗಳನ್ನು ಸುತ್ತುತ್ತಾರೆ, ಸುತ್ತಿದ ಕಡೆಯಿಂದೆಲ್ಲ ಒಂದೊಂದು ತಾಂಬೂಲದ ಚೀಲ ತರುತ್ತಾರೆ. ಕಾಯಿ, ಎಲೆ ಅಡಿಕೆ ತೆಗೆದಿಟ್ಟ ಮೇಲೆ ಚೀಲ ಬಾಗಿಲ ಹಿಂದಿನ ಮೊಳೆ ಸೇರುತ್ತದೆ. ಇಷ್ಟು ವರ್ಷವೂ ಅವರ ಹ್ಯಾಂಡ್‌ಬ್ಯಾಗು ಅದೇ. ಹೊರಡುವಾಗ ಮೊಳೆಯಿಂದ ಕೈಗೆ ಸಿಕ್ಕಿದ್ದನ್ನು ಎಳೆದುಕೊಳ್ಳುವುದು, ಬಸ್ಸು ಹತ್ತುವುದು.

"ಇವತ್ತು ಯಾವ ಗಂಡು ಹೆಣ್ಣನ್ನ ಕರ್ಕೊಂಡು ಹೊರಟ್ರಿ ಅತ್ತೆ?" ಎಂದು ನಾನು ರೇಗಿಸುತ್ತಿದ್ದೆ. ಅವರಿಗೆ ಓದಲು ಬರುವುದಿಲ್ಲ. ಚೀಲದ ಮೇಲಿನ ಗಂಡು ಹೆಣ್ಣಿನ ಹೆಸರುಗಳನ್ನು ನಾನು ಓದಿ ಹೇಳಿದರೆ, ಆ ಮದುವೆಯಲ್ಲಿ ಬೇಳೆ ಸರಿಯಾಗಿ ಬೆಂದಿತ್ತೋ ಇಲ್ಲವೋ ಎಂಬುದಷ್ಟೇ ಅವರಿಗೆ ನೆನಪಾಗುವುದು.

ಮನೆಯಲ್ಲೇ ಟೈಲರಿಂಗ್ ಮಾಡುವ ಸೊಸೆ ನನಗೆ ಆ ಚೀಲಗಳನ್ನು ಕಂಡರೆ ಮೈ ಉರಿಯುತ್ತಿತ್ತು. ಒಂದು ಒಳ್ಳೆಯ ಬ್ಯಾಗು ತಗೊಳ್ಳಿ ಎಂದು ಹತ್ತು ವರ್ಷ ಬಡಕೊಂಡೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಹೋದ ಯುಗಾದಿಯ ಮಾರನೆಯ ದಿನ ಒಬ್ಬಟ್ಟು ಕಟ್ಟಿಕೊಂಡು ಅವರು ಹುತ್ತೂರಿನ ತವರಿಗೆ ಹೋದರು. ಅಲ್ಲಿ ತಮ್ಮ ಗುರುವಪ್ಪ, ಅವನ ಹೆಂಡತಿ ಭಾರತಮ್ಮ, ಮಗಳು ಸಹನ ಇದ್ದಾರೆ. ಸಹನಳ ಮದುವೆ ಎಂಟು ತಿಂಗಳೂ ನಿಲ್ಲಲಿಲ್ಲ. ವಾಪಸ್ಸು ಬಂದು ಈಗ ನರಸಾಪುರದ ಫ್ಯಾಕ್ಟರಿಗೆ ಹೋಗುತ್ತಾಳೆ. ಶಾಲೆಯ ರಜವನ್ನೆಲ್ಲ ನಮ್ಮತ್ತೆಯ ಸೆರಗು ಹಿಡಿದೇ ಕಳೆದ ಹುಡುಗಿ ಅವಳು. ಅವತ್ತು ಅತ್ತೆ ಬಂದರೆಂದು ಓಡಿ ಬಂದು ಚೀಲಕ್ಕೆ ಕೈ ಚಾಚಿದಳಂತೆ. ಚಾಚಿದ ಕೈ ಹಾಗೇ ನಿಂತಿತಂತೆ. ತಿರುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ.

ಯಾಕೆಂದು ಅವರಿಗೆ ತಿಳಿದದ್ದು ಮನೆಗೆ ಬಂದ ಮೇಲೆ, ನಾನು ಓದಿ ಹೇಳಿದಾಗ. 'ಸಹನ – ಉದಯಕುಮಾರ್ ಶುಭವಿವಾಹ' ಎಂದು ಚೀಲದ ತುಂಬ ಬರೆದಿತ್ತು.

"ಎಂತ ಪನಿ ಚೇಸ್ತಿನಮ್ಮಾ," ಎಂದು ಅತ್ತೆ ಕುಸಿದು ಕೂತರು. ಎಂಥ ಕೆಲಸ ಮಾಡಿಬಿಟ್ಟೆ ಎಂದು. ಸಂಕಟ ಹೆಚ್ಚಾದರೆ ಅವರಿಗೆ ತೆಲುಗೇ ಬರುವುದು.

ಆಮೇಲೆ ಎರಡು ತಿಂಗಳು ಸಹನ ಫೋನಿಗೆ ಸಿಗಲಿಲ್ಲ. ಡ್ಯೂಟಿಗೆ ಹೋಗಿದ್ದಾಳೆ, ಮಲಗಿದ್ದಾಳೆ ಎಂದು ಭಾರತಮ್ಮನೇ ಹೇಳುತ್ತಿದ್ದರು. ಆ ಮಗು ಇನ್ನು ನನ್ನ ಮುಖ ನೋಡುವುದಿಲ್ಲ ಎಂದು ಅತ್ತೆ ಸರಿಯಾಗಿ ಊಟ ಮಾಡುವುದನ್ನೂ ಬಿಟ್ಟರು. ಮೊಳೆಯ ಚೀಲಗಳನ್ನೆಲ್ಲ ಇಳಿಸಿ ಅಟ್ಟಕ್ಕೆ ಹಾಕಿದರು. ಒಂದು ದಿನ ತಾವಾಗಿಯೇ, "ಹೆಸರಿಲ್ಲದ ಬ್ಯಾಗ್ ಒಂದು ತಗೋಬೇಕು. ಐನೂರು ರೂಪಾಯಿ ಇಟ್ಕೊಂಡಿವ್ನಿ," ಎಂದರು. ನನಗೆ ಖುಷಿಯಾಯಿತು. ಹಿಂದೆಯೇ, "ಸಹನ ಬರ್ಲಿ. ಹೆಸರೈತೋ ಇಲ್ವೋ ಓದಿ ಹೇಳೋಕೆ ಒಬ್ರು ಬೇಕು," ಎಂದರು. ನಾನು ಪಕ್ಕದಲ್ಲೇ ಕೂತಿದ್ದೆ. ನಾನೇನು ಓದು ಬಾರದವಳೇ? ಸಿಟ್ಟಿನಲ್ಲೇ ಆ ಮಾತನ್ನು ಇನ್ನೊಂದು ಸಲ ಹೇಳಿಸಿ ರೆಕಾರ್ಡ್ ಮಾಡಿ ಸಹನಳಿಗೆ ಕಳಿಸಿದೆ. ಅವಳು ಬರುವುದಿಲ್ಲ ಎಂದು ನನಗೆ ಗ್ಯಾರಂಟಿಯಿತ್ತು.

ಮಾರನೆಯ ದಿನ ಉತ್ತರ ಬಂತು. ಗುರುವಾರ ಫಸ್ಟ್ ಶಿಫ್ಟು, ಮೂರು ಗಂಟೆಗೆ ಕೋಲಾರದ ಕ್ಲಾಕ್ ಟವರ್ ಹತ್ತಿರ ಇರ್ತೀನಿ ಎಂದು.

ಇದ್ದಳು. ಕಂಪನಿ ಬಸ್ಸಿನಿಂದ ಇಳಿದವಳು ಕೊರಳಿನ ಐಡಿ ಕಾರ್ಡನ್ನೂ ತೆಗೆದಿರಲಿಲ್ಲ. ಅತ್ತೆಯ ಮುಖ ನೋಡದೆ ನನ್ನ ಪಕ್ಕ ನಡೆದಳು. ಅತ್ತೆ ಸಾಮಾನನ್ನೆಲ್ಲ ಟವಲಿನಲ್ಲಿ ಗಂಟು ಕಟ್ಟಿಕೊಂಡು ಹಿಂದೆ ಬಂದರು.

ಅಂಗಡಿಯಲ್ಲಿ ನಾನು ಮೊದಲು ಎತ್ತಿಕೊಂಡದ್ದು ಬಂಗಾರದ ಬಣ್ಣದ ಸರಪಳಿಯಿದ್ದ ಮೆರೂನ್ ಬ್ಯಾಗು. ಅಂದ ಅಂದರೆ ಅಂದ. ಅತ್ತೆ ಅದನ್ನು ನೋಡಿ, "ಇದ್ನ ನೇತಾಕ್ಕೊಂಡು ಒಲೆ ಮುಂದೆ ಕೂತ್ರೆ, ಹೆಣ್ಣಿನ ಕಡೆ ಬೀಗಿತ್ತಿ ಅನ್ಕೊಂತಾರೆ," ಎಂದರು. ಒಳಗೆ ತಿರುಗಿಸಿ ನೋಡಿದರೆ ಲೈನಿಂಗ್ ಬಟ್ಟೆ ಆಗಲೇ ಬಿಟ್ಟುಕೊಂಡಿತ್ತು. ಮೇಲೆ ಥಳುಕು, ಒಳಗೆ ಹುಳುಕು. ಸುಮ್ಮನೆ ಕೆಳಗಿಟ್ಟೆ.

ಅತ್ತೆ ಗಂಟು ಬಿಚ್ಚಿ ಒಬ್ಬಟ್ಟು ಮಗುಚುವ ಕೈ, ಒಂದು ಸೀರೆ, ಕನ್ನಡಕ, ಎಲೆ ಅಡಿಕೆ ಡಬ್ಬಿ, ಮಂಡಿ ನೋವಿನ ಮುಲಾಮು, ಬಸ್ಸಿಗೆ ಬೇಕಾದ ಆಧಾರ್ ಕಾರ್ಡು ಎಲ್ಲವನ್ನೂ ಗಾಜಿನ ಮೇಜಿನ ಮೇಲೆ ಹರಡಿದರು. "ಏನಮ್ಮಾ, ಸಂಸಾರಾನೇ ತಂದಿದೀರಿ," ಎಂದ ಅಂಗಡಿಯವನು. ಒಂದು ಕರಿ ಬ್ಯಾಗಿನಲ್ಲಿ ಎಲ್ಲವೂ ಹಿಡಿಸಿತು. ಆದರೆ ಅದರ ಮೇಲೆ ಹೊಳೆಯುವ ಅಕ್ಷರಗಳಿದ್ದವು. ಅತ್ತೆ ಹಿಂಜರಿಯುತ್ತ ಅದನ್ನು ಸಹನಳ ಕಡೆ ಹಿಡಿದರು.

"ಯಾರ ಹೆಸರು ಮಗಾ ಇದು?"

"ಕಂಪ್ನಿ ಹೆಸರು ಅತ್ತೆ." ಎರಡು ತಿಂಗಳ ಮೇಲೆ ಆಡಿದ ಮೊದಲ ಮಾತು.

"ಯಾವೂರೋರು?"

"ಗೊತ್ತಿಲ್ಲ."

"ಗೊತ್ತಿಲ್ದಿರೋರ ಹೆಸರು ನಮಗ್ಯಾಕೆ? ಅವ್ರ ಮನೇಲಿ ಏನೇನು ನಡ್ದೈತೋ."

ಸಹನ ಬಾಯಿಗೆ ಕೈ ಅಡ್ಡ ಹಿಡಿದಳು. ಆದರೂ ನಗು ತಡೆಯಲಾಗಲಿಲ್ಲ. ಅವಳು ನಗುವುದನ್ನು ನೋಡಿ ಅತ್ತೆಯ ಕಣ್ಣಲ್ಲಿ ನೀರು ಬಂತು. ಅಂಗಡಿಯವನು ಒಂದೂ ಅರ್ಥವಾಗದೆ ಇನ್ನಷ್ಟು ಬ್ಯಾಗು ಸುರಿದ. ಎಲ್ಲದರ ಮೇಲೂ ಯಾರದೋ ಹೆಸರು. ಕೊನೆಗೆ ಏಣಿ ಹಾಕಿ ಮೇಲಿನಿಂದ ಕಾಫಿ ಬಣ್ಣದ್ದೊಂದನ್ನು ಇಳಿಸಿದ. ಅಗಲವಾದ ತಳ, ಮೂರು ಖಾನೆ, ಆಧಾರ್ ಕಾರ್ಡಿಗೆ ಹೊರಗಡೆಯೇ ಜಿಪ್ಪು, ಕಾಲೇಜಿನ ಮೇಡಂ ಹಿಡಿದರೂ ಒಪ್ಪುವಂಥ ಅಂದ. ಹೊಲಿಗೆ ಎಳೆದು ನೋಡಿದೆ, ಗಟ್ಟಿಯಾಗಿತ್ತು. ಒಂದಕ್ಷರವೂ ಇರಲಿಲ್ಲ. ಆರುನೂರೈವತ್ತು ಎಂದವನನ್ನು ಸಹನಳೇ ಜಗ್ಗಾಡಿ ನಾನೂರೆಂಬತ್ತಕ್ಕೆ ಇಳಿಸಿದಳು. ಪಟ್ಟಿಯನ್ನು ಅತ್ತೆಯ ಭುಜಕ್ಕೆ ಸರಿಯಾಗಿ ಹೊಂದಿಸಿದವಳೂ ಅವಳೇ.

ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಅವಳ ಕೈ ಹಿಡಿದುಕೊಂಡರು. "ಅವತ್ತು ತಪ್ಪಾಯ್ತು ಮಗಾ. ಓದೋಕೆ ಬಂದಿದ್ರೆ ಆ ಚೀಲ ಮುಟ್ತಿರ್ಲಿಲ್ಲ."

"ಅವತ್ತು ಸಿಟ್ಟು ಬಂತು ಅತ್ತೆ, ಇಲ್ಲ ಅನ್ನಲ್ಲ," ಎಂದಳು ಸಹನ. "ಆಮೇಲೆ ಯೋಚ್ನೆ ಮಾಡ್ದೆ. ಆ ಚೀಲ ಎಲ್ಲರ ಮನೇಲೂ ಇತ್ತು. ಓದೋಕೆ ಬರೋರೆಲ್ಲ ಅದನ್ನ ಬಚ್ಚಿಟ್ರು, ನಮ್ಮನೇಗೆ ಬರೋದನ್ನೂ ಬಿಟ್ರು. ನೀವೊಬ್ರೇ ಬರ್ತಾ ಇದ್ದಿದ್ದು."

ನನ್ನ ಕಡೆ ನೋಡಿ ಹೇಳಿದ ಮಾತಲ್ಲ ಅದು. ಆದರೂ ನಾನು ತಲೆ ತಗ್ಗಿಸಿದೆ. ಅದೇ ಚೀಲ ಇನ್ನೊಂದು ನಮ್ಮ ಬೀರುವಿನಲ್ಲಿದೆ, ಹಳೆಯ ಸೀರೆಗಳ ಅಡಿಯಲ್ಲಿ. ಇಟ್ಟವಳು ನಾನೇ. ಅವಳು ವಾಪಸ್ಸು ಬಂದ ಮೇಲೆ ನಾನು ಹುತ್ತೂರಿಗೆ ಒಂದು ಸಲವೂ ಹೋಗಿಲ್ಲ. ಹೋಗಿ ಏನು ಮಾತಾಡುವುದು ಎಂಬ ಅಂಜಿಕೆಯನ್ನು ಮುಚ್ಚಿಟ್ಟು, ಕೈತುಂಬ ಹೊಲಿಗೆ ಕೆಲಸ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ನಾಚಿಕೆಯಾಯಿತು.

ಶ್ರೀನಿವಾಸಪುರದ ಬಸ್ಸು ಬಂತು. ಹತ್ತುವ ಮುಂಚೆ ಹೇಗೋ ಬಾಯಿ ಬಿಟ್ಟೆ.

"ಭಾನುವಾರ ಬರ್ತೀನಿ ಕಣೇ, ನಿಮ್ಮನೇಗೆ."

"ಏನಕ್ಕಾ ವಿಶೇಷ?"

"ಏನೂ ಇಲ್ಲ. ಸುಮ್ನೆ."

ಸಹನ ನನ್ನ ಮುಖವನ್ನೇ ನೋಡಿದಳು. "ಸುಮ್ನೆ ಬರೋದಾದ್ರೆ ಬೆಳಿಗ್ಗೇನೇ ಬಂದ್ಬಿಡಿ," ಎಂದಳು.